ತರಗತಿಯ ಬಾಗಿಲ ಹೊರಗಿನ ಮೂರು ನಿಮಿಷ

“ಹದಿನಾಲ್ಕು ವರ್ಷದಿಂದ ಗಣಿತ ಪಾಠ ಮಾಡುತ್ತಿದ್ದೇನೆ. ಈಚೆಗೆ ದಿನಾ ಬೆಳಿಗ್ಗೆ ತರಗತಿಯ ಬಾಗಿಲ ಹೊರಗೆ ಎರಡು ಮೂರು ನಿಮಿಷ ಸುಮ್ಮನೆ ನಿಂತುಬಿಡುತ್ತೇನೆ. ಒಳಗೆ ಕಾಲಿಡಲು ಮನಸ್ಸು ಬರುವುದಿಲ್ಲ. ಮೊನ್ನೆ ಒಬ್ಬ ಹುಡುಗ ‘ಮಿಸ್, ನನ್ನ ಹೆಸರು ಗೊತ್ತಾ?’ ಅಂದ. ಗೊತ್ತಿರಲಿಲ್ಲ. ಏಳು ತಿಂಗಳಿಂದ ಎರಡನೇ ಬೆಂಚಿನಲ್ಲಿ ಕೂತವನು. ಹಿಂದೆಲ್ಲ ಮೊದಲ ವಾರದಲ್ಲೇ ಎಲ್ಲರ ಹೆಸರು ಕಲಿಯುತ್ತಿದ್ದವಳು ನಾನು. ಬಿಟ್ಟರೆ ಸೋತು ಓಡಿಹೋದಂತೆ. ಉಳಿದರೆ ಮಕ್ಕಳಿಗೆ ಮೋಸ ಮಾಡಿದಂತೆ. ಏನು ಮಾಡಲಿ?”
– ಹೆಸರು ಬೇಡವೆಂದಿರುವ ಶಿಕ್ಷಕಿ

ಮೇಡಂ,

ನಿಮ್ಮ ಪತ್ರ ನಾಲ್ಕು ಪುಟದ್ದು. ಮೇಲೆ ಅಚ್ಚಾಗಿರುವುದು ಅದರಲ್ಲೊಂದು ತುಣುಕು. ಉಳಿದದ್ದನ್ನು ಕತ್ತರಿಸಿದ್ದು ಜಾಗ ಸಾಲದೆ ಅಲ್ಲ. ನಿಮ್ಮ ಸ್ಟಾಫ್ ರೂಮಿನಲ್ಲಿ ಯಾರಾದರೂ ಓದಿ ಇದು ನೀವೇ ಎಂದು ಪತ್ತೆ ಹಚ್ಚಿಯಾರು ಎಂಬ ಅಂಜಿಕೆಯಿಂದ. ನಾನಂತೂ ನಾಲ್ಕೂ ಪುಟವನ್ನು ಮೂರು ಸಲ ಓದಿದೆ. ಎರಡನೇ ಸಲ ಪೆನ್ಸಿಲು ಹಿಡಿದು ಓದಿದೆ, ಸಂಪಾದಕನ ಹಾಳು ಚಟ. ನಿಮ್ಮನ್ನು ಹಣ್ಣು ಮಾಡಿದ ಒಂದೊಂದು ವಿಷಯದ ಪಕ್ಕ ಒಂದೊಂದು ಗೆರೆ ಎಳೆಯುತ್ತ ಹೋದೆ. ಆನ್‌ಲೈನ್ ಎಂಟ್ರಿ. ಅದೇ ಮಾಹಿತಿಯನ್ನು ಮತ್ತೆ ರಿಜಿಸ್ಟರಿನಲ್ಲಿ ಬರೆಯುವುದು. ರಾತ್ರಿ ಹತ್ತಾದರೂ ಸುಮ್ಮನಾಗದ ವಾಟ್ಸ್‌ಆಪ್ ಗ್ರೂಪು. ಇದ್ದೊಂದು ಫ್ರೀ ಪೀರಿಯಡ್ಡನ್ನೂ ನುಂಗುವ ಸಬ್‌ಸ್ಟಿಟ್ಯೂಷನ್. ಪೋಷಕರ ಸಭೆಯಲ್ಲಿ ಎಲ್ಲರೆದುರು ಕೇಳಿಸಿಕೊಂಡ ಮಾತು. ಕೊನೆಗೆ ಎಣಿಸಿದರೆ ಹತ್ತೊಂಬತ್ತು ಗೆರೆ. ಅದರಲ್ಲಿ ಮಕ್ಕಳ ಮೇಲಿನ ದೂರು ಒಂದೂ ಇಲ್ಲ. ಮಕ್ಕಳ ಮಾತು ಬಂದಲ್ಲೆಲ್ಲ ನೀವು ದೂರಿರುವುದು ನಿಮ್ಮನ್ನೇ.

ಆದ್ದರಿಂದ ಬಿಡಬೇಕೋ ಉಳಿಯಬೇಕೋ ಎಂಬುದಕ್ಕೆ ಮೊದಲು, ಬಿಡುವುದಾದರೆ ಏನನ್ನು ಎಂದು ಕೇಳಬೇಕಿದೆ. ಪಾಠ ಹೇಳುವುದನ್ನೋ? ಆ ಶಾಲೆಯನ್ನೋ? ಅಥವಾ ಆ ಹತ್ತೊಂಬತ್ತನ್ನೋ?

ಈ ಪ್ರಶ್ನೆಯನ್ನು ನಾನು ಕೇಳಿಕೊಳ್ಳಲಿಲ್ಲ. ಈ ಕುರ್ಚಿಗೆ ಬರುವ ಮೊದಲು ನಾನೂ ಏಳು ವರ್ಷ ಮೇಷ್ಟ್ರಾಗಿದ್ದೆ. ಒಂದು ಪರೀಕ್ಷೆಯ ತಿಂಗಳು, ಒಂದು ಮಧ್ಯಾಹ್ನ, ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಮೂರು ಸಾಲಿನ ರಾಜೀನಾಮೆ ಇಟ್ಟು ಹೊರಟುಬಿಟ್ಟೆ. ಹಿಂದಿನ ರಾತ್ರಿ ಉತ್ತರಪತ್ರಿಕೆಗಳ ಮೇಲೆಯೇ ತಲೆಯಿಟ್ಟು ನಿದ್ದೆ ಹೋಗಿದ್ದೆ. ಬಿಟ್ಟದ್ದಕ್ಕೆ ಪಶ್ಚಾತ್ತಾಪವಿಲ್ಲ, ಈ ಕೆಲಸ ನನಗೆ ಒಗ್ಗಿದೆ. ಆದರೆ ಒಂದು ಮಾತ್ರ ಇವತ್ತಿಗೂ ಬಗೆಹರಿದಿಲ್ಲ: ನಾನು ಬಿಟ್ಟದ್ದು ವೃತ್ತಿಯನ್ನೋ, ಆ ಕಟ್ಟಡವನ್ನೋ? ಇನ್ನೊಂದು ಶಾಲೆ, ಇನ್ನೊಂದು ತರಗತಿ ಸಿಕ್ಕಿದ್ದರೆ ಉಳಿಯುತ್ತಿದ್ದೆನೇನೋ. ಪರೀಕ್ಷಿಸಿ ನೋಡುವ ತಾಳ್ಮೆ ಆಗ ಇರಲಿಲ್ಲ. ಸುಸ್ತಾದವನಿಗೆ ಕಾಣುವುದು ಒಂದೇ ಬಾಗಿಲು, ಹೊರಕ್ಕೆ ಹೋಗುವುದು.

ಶಿಕ್ಷಕರ ದಿನ ಹತ್ತಿರ ಬಂತೆಂದರೆ ನಮ್ಮ ಕಚೇರಿಗೆ ಬರುವ ಕವಿತೆಗಳಲ್ಲಿ ಮೇಣದ ಬತ್ತಿ ಇರಲೇಬೇಕು. ತಾನು ಕರಗಿ ಜಗಕ್ಕೆ ಬೆಳಕು ಕೊಡುವ ಬತ್ತಿ. ಅವನ್ನು ಅಚ್ಚು ಹಾಕುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು. ‘ಸ್ಥಳಾಭಾವ’ ಎಂದು ಬರೆದು ಕಳಿಸುತ್ತೇನೆ. ನಿಜ ಕಾರಣವನ್ನು ಇಲ್ಲಿ ಒಪ್ಪಿಸಿಬಿಡುತ್ತೇನೆ. ಕರಗುವುದೇ ಒಳ್ಳೆಯ ಶಿಕ್ಷಕರ ಗುರುತು ಎಂದು ಹಾಡಿದರೆ, ಸಂಜೆ ಐದಕ್ಕೆ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು ಮಲಗುವ ಶಿಕ್ಷಕಿ ತಪ್ಪಿತಸ್ಥೆಯಾಗಿಬಿಡುತ್ತಾಳೆ. ‘ಸೋತು ಓಡಿಹೋದಂತೆ’ ಎಂದು ನೀವು ಬರೆದಿರಲ್ಲ, ಆ ಮಾತು ನಿಮ್ಮದಲ್ಲ ಅನ್ನಿಸಿತು ನನಗೆ. ಅದು ಆ ಕವಿತೆಗಳಿಂದ ಬಂದದ್ದು.

ವಿಚಿತ್ರವೆಂದರೆ ನಿಮ್ಮ ಸ್ಥಿತಿಗೆ ಜಗತ್ತು ಇಟ್ಟಿರುವ ಹೆಸರಿನಲ್ಲೂ ಆ ಉರಿಯೇ ಇದೆ. ದುಡಿಮೆಯ ಬಳಲಿಕೆಗೆ ‘ಬರ್ನ್‌ಔಟ್’ ಎಂಬ ಮಾತನ್ನು 1974ರಲ್ಲಿ ಬರೆದು ಬಳಕೆಗೆ ತಂದವರು ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ಸ್ವಯಂಸೇವಕರ ಜೊತೆ ಅವರೂ ದುಡಿಯುತ್ತಿದ್ದರು. ಅಲ್ಲಿ ಬತ್ತಿಹೋದವರಲ್ಲಿ ಮೈಗಳ್ಳರಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಮೈಮೇಲೆ ಎಳೆದುಕೊಂಡವರೇ ಮೊದಲು ಬಿದ್ದದ್ದು. 1981ರಲ್ಲಿ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಇದನ್ನು ಅಳೆಯುವ ಒಂದು ಪ್ರಶ್ನಾವಳಿ ಮಾಡಿದರು. ಅವರು ನೋಡಿದ್ದು ಮೂರು ಸಂಗತಿ. ಒಳಗಿನದೆಲ್ಲ ಖಾಲಿಯಾದ ಹಾಗಿನ ದಣಿವು ಒಂದು. ಎದುರಿಗಿರುವವರು ಮನುಷ್ಯರಾಗಿ ಕಾಣದೆ ಹೋಗುವುದು ಇನ್ನೊಂದು. ನನ್ನಿಂದ ಏನೂ ಆಗುತ್ತಿಲ್ಲ ಎಂಬ ಭಾವ ಮೂರನೆಯದು.

ಎರಡನೆಯದನ್ನು ಇನ್ನೊಮ್ಮೆ ಓದಿ. ಎರಡನೇ ಬೆಂಚಿನ ಹುಡುಗನ ಹೆಸರು ಮರೆತದ್ದಕ್ಕೆ ನೀವು ಒಂದು ಇಡೀ ಪುಟ ನಿಮ್ಮನ್ನು ಬೈದುಕೊಂಡಿದ್ದೀರಿ, ‘ನನ್ನಲ್ಲಿ ಪ್ರೀತಿಯೇ ಇಂಗಿಹೋಗಿದೆ’ ಎಂದಿದ್ದೀರಿ. ಜ್ವರ ಬಂದವರ ಮೈ ಬಿಸಿಯಾಗುತ್ತದೆ. ಅದಕ್ಕೆ ಅವರ ಗುಣವನ್ನು ಯಾರೂ ಹಳಿಯುವುದಿಲ್ಲ. ದಣಿದ ಮನಸ್ಸು ಮುಖ, ಹೆಸರುಗಳಲ್ಲೂ ಉಳಿತಾಯ ಮಾಡೀತು. ಹೋಲಿಕೆಗೆ ಜ್ವರ ಎಂದೆ, ಆದರೆ ಇದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ತನ್ನ ರೋಗಗಳ ವರ್ಗೀಕರಣದಲ್ಲಿ ಸೇರಿಸಿದಾಗಲೂ ರೋಗವೆನ್ನಲಿಲ್ಲ. ನಿಭಾಯಿಸಲಾಗದೆ ಉಳಿದುಹೋದ, ಕೆಲಸದ ಜಾಗದ ದೀರ್ಘಕಾಲದ ಒತ್ತಡದ ಫಲ ಎಂದಿತು. ಕೆಲಸದ ಜಾಗದ, ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ಒತ್ತಡ ನಿರ್ವಹಣೆಯ ತರಬೇತಿಯನ್ನು ಭಾನುವಾರ ಇಟ್ಟು, ಬರದವರ ಹೆಸರು ಬರೆದುಕೊಂಡರು ಎಂದು ತಿಳಿಸಿದ್ದೀರಿ. ನಗು ಬಂತು, ಕ್ಷಮಿಸಿ. ಅಲ್ಲಿ ಯಾರಿಗೂ ಆ ಅಡಿಗೆರೆ ಕಂಡಿಲ್ಲ.

ಸಂಜೆ ಮನೆಯಲ್ಲಿ ಯಾರಾದರೂ ಮಾತಾಡಿಸಿದರೆ ಸಿಡುಕುತ್ತೇನೆ ಎಂದೂ ಇದೆ. 1968ರಲ್ಲಿ ಫಿಲಿಪ್ ಜಾಕ್ಸನ್ ಎಂಬ ಅಮೆರಿಕದ ವಿದ್ವಾಂಸರು ಪ್ರಾಥಮಿಕ ತರಗತಿಗಳಲ್ಲಿ ಕೂತು ಗಮನಿಸಿ, ಒಬ್ಬ ಶಿಕ್ಷಕಿ ದಿನಕ್ಕೆ ಸಾವಿರದಷ್ಟು ಸಲ ಬೇರೆ ಬೇರೆ ಮಕ್ಕಳೊಂದಿಗೆ ವ್ಯವಹರಿಸಬೇಕಾಗುತ್ತದೆ ಎಂದು ಬರೆದರು. ಇವನ ಪೆನ್ಸಿಲು ಮುರಿಯಿತು, ಅವಳಿಗೆ ಅರ್ಥವಾಗಲಿಲ್ಲ, ಮೂಲೆಯಲ್ಲಿ ಇಬ್ಬರು ಜಗಳ, ಇನ್ನೊಬ್ಬನಿಗೆ ಹೊರಗೆ ಹೋಗಬೇಕು. ಪ್ರತಿಯೊಂದಕ್ಕೂ ಆ ಕ್ಷಣವೇ ತೀರ್ಮಾನ. ಸಾವಿರದ ಒಂದನೆಯವರು ಮನೆಯವರು.

ಇಷ್ಟೇ ಆಗಿದ್ದರೆ ಒಂದು ದೊಡ್ಡ ರಜೆ ತೆಗೆದುಕೊಳ್ಳಿ ಎಂದು ಪತ್ರ ಮುಗಿಸುತ್ತಿದ್ದೆ. ಆದರೆ ಮೂರನೇ ಪುಟದ ಕೆಳಗೆ, ಬೇರೆ ಏನೋ ಹೇಳುತ್ತ ಹೇಳುತ್ತ, ಒಂದು ಮಾತು ಬರೆದು ದಾಟಿಬಿಟ್ಟಿದ್ದೀರಿ. ಅರ್ಧ ತರಗತಿಗೆ ಭಿನ್ನರಾಶಿ ತಿಳಿದಿಲ್ಲ, ಇನ್ನೊಂದು ವಾರ ಬೇಕು ಎಂದು ನೀವು ಕೇಳಿದಾಗ ‘ಪೋರ್ಷನ್ ಮುಗಿಸಿ, ತಿಳಿಯದವರನ್ನು ಆಮೇಲೆ ನೋಡಿದರಾಯಿತು’ ಎಂದರಂತೆ. ಆ ‘ಆಮೇಲೆ’ ಇನ್ನೂ ಬಂದಿಲ್ಲ ಎಂದಿದ್ದೀರಿ. ಹತ್ತೊಂಬತ್ತು ಗೆರೆಗಳಲ್ಲಿ ಇದೊಂದನ್ನು ಎರಡು ಸಲ ಎಳೆದಿದ್ದೇನೆ.

ಶಿಕ್ಷಕರ ಬಗ್ಗೆಯೇ ಅಧ್ಯಯನ ಮಾಡಿದ ಡೋರಿಸ್ ಸಾಂತೊರೊ ಎಂಬವರು ಇಲ್ಲಿ ಒಂದು ಭೇದ ಮಾಡುತ್ತಾರೆ. ಶಕ್ತಿ ತೀರಿಹೋಗುವುದು ಬೇರೆ. ಶಕ್ತಿ ಇದ್ದೂ, ಸರಿಯೆಂದು ತಿಳಿದ ಕೆಲಸವನ್ನು ಸರಿಯಾಗಿ ಮಾಡಲು ಬಿಡದೆ ಇರುವುದರಿಂದ ನೈತಿಕವಾಗಿ ಕುಗ್ಗುವುದು ಬೇರೆ. ಮೊದಲನೆಯದಕ್ಕೆ ವಿಶ್ರಾಂತಿ ಮದ್ದು. ಎರಡನೆಯದು ರಜೆಯಲ್ಲಿ ಹೋಗುವುದಿಲ್ಲ. ಬೇಸಿಗೆಯೆಲ್ಲ ಮಲಗೆದ್ದು ಬಂದರೂ ಬಾಗಿಲ ಹೊರಗೆ ಮತ್ತೆ ಕಾಲು ನಿಲ್ಲುತ್ತದೆ. ನಿಮ್ಮಲ್ಲಿ ಎರಡೂ ಬೆರೆತಿವೆ. ಎಷ್ಟೆಷ್ಟು ಎಂಬುದನ್ನು ನಾನು ಇಲ್ಲಿ ಕೂತು ಹೇಳಲಾರೆ. ಪತ್ತೆ ಮಾಡಲು ಒಂದು ದಾರಿಯಿದೆ, ಒರಟು ದಾರಿ. ಕಳೆದ ಸಲ ಒಂದು ವಾರವಾದರೂ ನಿಜವಾದ ಬಿಡುವು ಸಿಕ್ಕಿತ್ತೇ? ಮರಳಿ ಬಂದ ದಿನ ಪಾಠ ಮಾಡುವ ಆಸೆ ಇತ್ತೇ? ಇತ್ತು, ಎರಡು ವಾರದಲ್ಲಿ ಆರಿತು ಎಂದಾದರೆ ನಿಮ್ಮ ವೈರಿ ಕೆಲಸದ ಹೊರೆ. ಮೊದಲ ದಿನವೇ ಎದೆ ಭಾರವಾಗಿತ್ತು ಎಂದಾದರೆ ನೋಡಬೇಕಾದದ್ದು ಆ ‘ಆಮೇಲೆ’ಯನ್ನು.

ಹೊರೆಯ ಬಗ್ಗೆ ಹೇಳುವುದು ಸುಲಭ. ಹತ್ತೊಂಬತ್ತರಲ್ಲಿ ಬಹುಪಾಲು ನಿಮ್ಮ ಕೈಯಲ್ಲಿಲ್ಲ. ಎಂಟ್ರಿ ಮಾಡಬೇಕು ಎಂದರೆ ಮಾಡಬೇಕು. ನಿಮ್ಮ ಕೈಯಲ್ಲಿರುವ ದೊಡ್ಡದೊಂದು ಕರೆಕ್ಷನ್. ರಾತ್ರಿ ಹನ್ನೊಂದರವರೆಗೆ ಪ್ರತಿ ಪುಸ್ತಕಕ್ಕೂ ಅಂಕ ಕೊಟ್ಟು, ಕೆಳಗೆ ಟಿಪ್ಪಣಿಯನ್ನೂ ಬರೆಯುತ್ತೀರಿ. ರೂತ್ ಬಟ್ಲರ್ ಎಂಬ ಮನಶ್ಶಾಸ್ತ್ರಜ್ಞೆ 1988ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನಿಮಗೆ ಗೊತ್ತಿರಬೇಕು. ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಕೆಲವರಿಗೆ ಎರಡೂ ಕೊಟ್ಟರು. ಮುಂದಿನ ಕೆಲಸದಲ್ಲಿ ಸುಧಾರಿಸಿದವರು, ಆಸಕ್ತಿ ಉಳಿಸಿಕೊಂಡವರು ಟಿಪ್ಪಣಿ ಮಾತ್ರ ಪಡೆದವರು. ಎರಡೂ ಪಡೆದವರು ಅಂಕ ಮಾತ್ರ ಪಡೆದವರಂತೆಯೇ ಇದ್ದರು. ಅಂಕ ಕಂಡ ಮೇಲೆ ಟಿಪ್ಪಣಿ ಯಾರಿಗೆ ಬೇಕು? ಹೀಗೆ ನಿಮ್ಮ ಎಷ್ಟು ರಾತ್ರಿಗಳು ಯಾರೂ ಓದದ ಸಾಲುಗಳಾದವೋ. ಅಂಕ ಕಡ್ಡಾಯವಿರುವ ಪರೀಕ್ಷೆಗೆ ಅಂಕವಷ್ಟೇ ಹಾಕಿ. ಉಳಿದದ್ದರಲ್ಲಿ ದಿನಕ್ಕೆ ಎಂಟೇ ಪುಸ್ತಕ ತೆಗೆದು, ಒಂದೊಂದಕ್ಕೆ ಒಂದೇ ಸಾಲು ಬರೆಯಿರಿ. ಇನ್‌ಸ್ಪೆಕ್ಷನ್ನಿನವರು ಕೇಳಿದರೆ ಬಟ್ಲರ್ ಹೆಸರು ಹೇಳಿ. ಒಪ್ಪದೆ ಇದ್ದರೂ ಗಲಿಬಿಲಿಯಾಗುತ್ತಾರೆ.

ನಿದ್ದೆ ತೀರ ಕೆಟ್ಟಿದ್ದರೆ, ಬದುಕೇ ಬೇಡ ಅನ್ನಿಸುವಂತಿದ್ದರೆ ಈ ಪತ್ರಿಕೆಯನ್ನು ಬದಿಗಿಟ್ಟು ಇಂದೇ ವೈದ್ಯರನ್ನು ಕಾಣಿ. ಅದು ಕೆಲಸ ಬಿಡುವ, ಉಳಿಯುವ ಲೆಕ್ಕಕ್ಕೆ ಸೇರಿದ್ದಲ್ಲ.

ಇನ್ನು ಆ ‘ಆಮೇಲೆ’. ಇದರಲ್ಲಿ ಒಬ್ಬರೇ ಗುದ್ದಾಡಬೇಡಿ ಎಂಬುದಷ್ಟೇ ನನ್ನ ಅನುಭವದ ಮಾತು. ನಾನು ಏಳು ವರ್ಷವೂ ಒಬ್ಬನೇ ಗೊಣಗಿದೆ. ಪಕ್ಕದ ತರಗತಿಯವರೂ ಅದನ್ನೇ ಗೊಣಗುತ್ತಿದ್ದರೆಂದು ತಿಳಿದದ್ದು ನಾನು ಬಿಟ್ಟು ಬಂದ ಮೇಲೆ. ಗೋಡೆಯಾಚೆ ಏನಾಗುತ್ತಿದೆ ಎಂಬುದು ಗೊತ್ತಾಗದ ಕೆಲಸ ನಮ್ಮದು. ನಿಮ್ಮ ಶಾಲೆಯ ಇನ್ನಿಬ್ಬರು ಗಣಿತದವರ ಜೊತೆ ಕೂತು, ಯಾವ ಪಾಠ ಎಷ್ಟು ಮಕ್ಕಳಿಗೆ ತಿಳಿದಿಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಮೂವರೂ ಸಹಿ ಹಾಕಿ ಕೊಡಿ. ದೂರಿನ ದನಿ ಬೇಡ, ಲೆಕ್ಕ ಸಾಕು, ನೀವು ಗಣಿತದವರು. ಒಬ್ಬರ ಅಳಲಿಗೆ ಸಿಗದ ಒಂದು ವಾರ ಮೂವರ ಲೆಕ್ಕಕ್ಕೆ ಸಿಕ್ಕೀತು. ಸಿಗದಿದ್ದರೆ ಅದೂ ಒಂದು ಉತ್ತರವೇ. ಆ ಶಾಲೆಯ ಬಗ್ಗೆ ತಿಳಿಯಬೇಕಾದದ್ದು ಆಗ ತಿಳಿದಂತಾಯಿತು.

ಆಗ ಬಿಡಿ. ಮೊದಲು ಶಾಲೆಯನ್ನು ಬಿಟ್ಟು ನೋಡಿ, ಆಗದಿದ್ದರೆ ವೃತ್ತಿಯನ್ನು. ವರ್ಷದ ಕೊನೆಗೆ, ನಿದ್ದೆ ಮಾಡಿ ಎದ್ದ ಒಂದು ಬೆಳಿಗ್ಗೆ, ಮುಂದಿನ ಆರು ತಿಂಗಳ ಮನೆ ಖರ್ಚನ್ನು ಕಾಗದದ ಮೇಲೆ ಬರೆದಿಟ್ಟು ಬಿಡಿ. ನನ್ನಂತೆ ಬೇಡ. ನೀವೂ ಹೋದರೆ ಮಕ್ಕಳ ಗತಿಯೇನು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಜಗತ್ತಿನಲ್ಲಿ ಶಿಕ್ಷಕರು ಸಾಲದಿರುವುದು ಸುಳ್ಳೇನಲ್ಲ: ಯುನೆಸ್ಕೊ ಲೆಕ್ಕದ ಪ್ರಕಾರ 2030ರ ಹೊತ್ತಿಗೆ ಇನ್ನೂ 4.4 ಕೋಟಿ ಶಿಕ್ಷಕರು ಬೇಕು. ಪ್ರಾಥಮಿಕ ಹಂತದಲ್ಲಿ ವರ್ಷವರ್ಷ ವೃತ್ತಿ ಬಿಡುವವರ ಪ್ರಮಾಣ 2015ರಲ್ಲಿ ಶೇ. 4.6ರಷ್ಟಿದ್ದದ್ದು 2022ಕ್ಕೆ ಶೇ. 9ಕ್ಕೆ ಬಂದಿದೆ. ಇಷ್ಟೊಂದು ಜನ ಎದ್ದು ಹೋಗುತ್ತಿರುವಾಗ, ಕೂತಲ್ಲೇ ಕೂರುವಂತೆ ಮಾಡುವ ಹೊಣೆ ಶಾಲೆ ನಡೆಸುವವರದು. ಕೋಟಿಗಳ ಲೆಕ್ಕವನ್ನು ನಿಮ್ಮೊಬ್ಬರ ಹೆಗಲ ಮೇಲೆ ಇಡಲು ಬಂದವರಿಗೆ ಹಾಗೆಂದು ಹೇಳಿ.

ನನ್ನನ್ನು ಕೇಳಿದ್ದೀರಾದ್ದರಿಂದ ನನ್ನ ಅನಿಸಿಕೆಯನ್ನೂ ಹೇಳುತ್ತೇನೆ. ತಪ್ಪಿದ್ದರೆ ಬೈದು ಬರೆಯಿರಿ. ನೀವು ಪಾಠ ಹೇಳುವುದನ್ನು ಬಿಡಲು ಹೊರಟವರಂತೆ ನನಗೆ ಕಾಣಲಿಲ್ಲ. ಹಾಗೆನ್ನಲು ಕಾರಣ ಪತ್ರದಲ್ಲಿ ಬರೆದದ್ದಲ್ಲ. ಲಕೋಟೆಯೊಳಗೆ, ಬಹುಶಃ ನಿಮಗೆ ತಿಳಿಯದೆ, ಇನ್ನೊಂದು ಹಾಳೆಯೂ ಬಂದಿದೆ. ಮಗುವೊಂದರ ಉತ್ತರ. ‘1/3 ಮತ್ತು 1/4ರಲ್ಲಿ ಯಾವುದು ದೊಡ್ಡದು?’ ಎಂಬ ಪ್ರಶ್ನೆಗೆ ಮೊದಲು ‘1/4, ಏಕೆಂದರೆ 4 ದೊಡ್ಡದು’ ಎಂದು ಬರೆದಿದೆ. ಆಮೇಲೆ ಅದನ್ನು ಹೊಡೆದು, ಕೆಳಗೆ ಎರಡು ಉದ್ದ ಪಟ್ಟಿ ಬರೆದು, ಒಂದನ್ನು ಮೂರು, ಇನ್ನೊಂದನ್ನು ನಾಲ್ಕು ಮಾಡಿ, ‘ಅಲ್ಲ, 1/3’ ಎಂದಿದೆ. ಹೊಡೆದ ಸಾಲಿನ ಪಕ್ಕ ಕೆಂಪು ಶಾಯಿಯ ಒಂದು ಚುಕ್ಕೆ ಇದೆ. ಪೆನ್ನು ಅಲ್ಲೇ ಊರಿ ನೀವು ಸ್ವಲ್ಪ ಹೊತ್ತು ನಿಂತಿದ್ದೀರಿ.

ಅಂಕ ಇನ್ನೂ ಹಾಕಿಲ್ಲ. ಹಾಕಬೇಡಿ, ಒಂದು ಸಾಲು ಬರೆದು ಕೊಡಿ. ಹಾಳೆಯನ್ನು ನೀವು ಕೊಟ್ಟ ವಿಳಾಸಕ್ಕೆ ಇವತ್ತಿನ ಅಂಚೆಯಲ್ಲಿ ಕಳಿಸಿದ್ದೇನೆ. ಮೇಲೆ ಮಗುವಿನ ಹೆಸರಿದೆ, ರೋಲ್ ನಂಬರೂ ಇದೆ. ಎರಡನೇ ಬೆಂಚಿನವನದೇ ಇರಬಹುದೇನೋ, ನೋಡಿ.

– ಸಂಪಾದಕ