ಮರ ನೆಡೋದ್ರಿಂದ ಸ್ಲಮ್ಮಲ್ಲಿರೋ ಬಡವ್ರಿಗೆ ಪ್ರವಾಹ, ಭೂಕುಸಿತದಿಂದ ನಿಜವಾಗ್ಲೂ ರಕ್ಷಣೆ ಸಿಗುತ್ತಾ?

ಸಿಗುತ್ತೆ, ಆದ್ರೆ ಎಲ್ಲಿ ನೆಡ್ತೀರಿ, ಆಮೇಲೆ ಯಾರು ನೋಡ್ಕೋತಾರೆ ಅನ್ನೋದೇ ಮುಖ್ಯ. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ರಾಜಧಾನಿ ಫ್ರೀಟೌನ್ ತಗೊಳ್ಳಿ, ಮುಂದೆ ಸಮುದ್ರ ಹಿಂದೆ ಕಡಿದಾದ ಗುಡ್ಡ, ಜಾಗ ಇಲ್ದೆ ಬಡವ್ರು ಗುಡ್ಡದ ಇಳಿಜಾರಲ್ಲೇ ತಗಡಿನ ಮನೆ ಕಟ್ಕೊಂಡ್ರು, ಕಾಡು ಹೋಯ್ತು. 2017ರ ಆಗಸ್ಟ್ 14ರಂದು ಜೋರು ಮಳೆಗೆ ಶುಗರ್‌ಲೋಫ್ ಗುಡ್ಡ ಕುಸಿದು ಸತ್ತೋರು, ಕಾಣೆಯಾದೋರು ಸೇರಿ ಸಾವಿರಕ್ಕೂ ಹೆಚ್ಚು ಜನ.

2020ರಲ್ಲಿ ಮೇಯರ್ ಇವೊನ್ ಅಕಿ-ಸಾಯರ್ ಹತ್ತು ಲಕ್ಷ ಗಿಡ ನೆಡೋ ಯೋಜನೆ ಶುರು ಮಾಡಿದ್ರು. ನಂಗೆ ಇದ್ರಲ್ಲಿ ತುಂಬಾ ಇಷ್ಟ ಆಗಿದ್ದು ದುಡ್ಡು ಕೊಡೋ ರೀತಿ. ಪ್ರತಿ ಗಿಡಕ್ಕೂ ಒಂದು ನಂಬರ್, ಅಲ್ಲಿನ ಸ್ಥಳೀಯರೇ ನೆಟ್ಟು, ನೀರು ಹಾಕಿ, ಆಮೇಲೂ ಮತ್ತೆ ಮತ್ತೆ ಹೋಗಿ ಮೊಬೈಲ್ ಆ್ಯಪಲ್ಲಿ ಫೋಟೋ ಹಾಕ್ಬೇಕು, ಗಿಡ ಬದುಕಿದೆ ಅಂತ ಗೊತ್ತಾದ್ರೆ ಫೋನಿಗೇ ದುಡ್ಡು ಬರುತ್ತೆ. ನಮ್ಕಡೆ ವನಮಹೋತ್ಸವದಲ್ಲಿ ನೆಟ್ಟು ಫೋಟೋ ತೆಗೆಸ್ಕೊಂಡು ಮರೆತುಬಿಡ್ತಾರಲ್ಲ, ಅದಕ್ಕೆ ಇದು ಉತ್ತರ. ಗುಡ್ಡದ ಮೇಲೆ ಬೇರು ಮಣ್ಣು ಹಿಡ್ಕೊಳ್ಳುತ್ತೆ, ನೀರು ಇಂಗುತ್ತೆ, ಕರಾವಳಿಲಿ ಉಪ್ಪುನೀರಲ್ಲಿ ಬೆಳೆಯೋ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಅಲೆಯ ಹೊಡೆತ ತಗ್ಗಿಸುತ್ತೆ.

ಆದ್ರೆ ಮರ ಒಂದೇ ಸಾಲಲ್ಲ. ಕೆಳಗಿರೋ ಕ್ರೂ ಬೇ ಸ್ಲಮ್ಮಿಗೆ ಮೇಲಿನ ಹೂಳು, ಕಸ ಎಲ್ಲಾ ಬಂದು ಸೇರುತ್ತೆ, ಅಲ್ಲಿ ಚರಂಡಿ ಕ್ಲೀನಿಂಗ್, ಕಸ ವಿಲೇವಾರಿ ಆಗ್ಲೇಬೇಕು. ಹಸಿರು ಮಾಡ್ತೀವಿ ಅಂತ ಬಡವ್ರನ್ನ ಒಕ್ಕಲೆಬ್ಬಿಸಿದ್ರಂತೂ ಅದು ಯಾರ ರಕ್ಷಣೆನೂ ಅಲ್ಲ.