ಸೋಡಾ ಮಷೀನ್ ಪೈಪ್ ವಾಸನೆ ಬರ್ತೈತಿ, ಮನ್ಯಾಗ ನಾವೇ ತೊಳೀಬಹುದಾ?

ನೀವು ಕೇಳಿದ್ದು ಇಷ್ಟು: ಸಿಂಧನೂರಾಗ ಸಣ್ಣ ಸೋಡಾ ಅಂಗಡಿ, ಮೂರು ಫ್ಲೇವರ್ ಮಷೀನು, ನಿಂಬೆ ಸೋಡಾ ಹುಳಿ ಹುಳಿ ಹಳೇ ವಾಸನೆ ಹೊಡೀತೈತಿ, ಬಿಸಿನೀರು ಬಿಟ್ರೂ ಹೋಗ್ತಿಲ್ಲ, ಸರ್ವಿಸಿನವ್ರು ಬರೋಕೆ ಎಂಟು ದಿನ ಅಂತಾರ, ಅಲ್ಲಿತನಕ ನಾವೇ ಏನರ ಮಾಡಬಹುದಾ ಅಂತ. ಮಾಡಬಹುದ್ರಿ. ನಾನು ಗಂಗಾವತಿಯವ, ಬೆಂಗಳೂರಾಗ ಒಂದು ಪಬ್‌ನಾಗ ಮೂರು ವರ್ಷ ಡ್ರಾಫ್ಟ್ ಬಿಯರ್ ಲೈನ್, ಅಂದ್ರ ಪೀಪಾಯಿಂದ ನಲ್ಲಿಗೆ ಬಿಯರ್ ತರೋ ಪೈಪು, ತೊಳೆಯೋ ಕೆಲಸಾನೇ ಮಾಡೀನಿ, ಈಗ ಊರಾಗ ನಂದೇ ಸೋಡಾ ಅಂಗಡಿ ಐತಿ. ಬಿಯರ್ ಆಗ್ಲಿ ಸೋಡಾ ಆಗ್ಲಿ ಪೈಪಿನೊಳಗ ಕೂಡೋ ಹೊಲಸು ಹೆಚ್ಚುಕಮ್ಮಿ ಒಂದೇ ಜಾತಿದು.

ಮೊದಲು ನಾಝಲ್ ಬಿಚ್ಚಿ ನೋಡ್ರಿ. ಒಳಗ ಬೆರಳು ಆಡಿಸಿದ್ರ ಲೋಳೆ ಸಿಗ್ತೈತಿ, ಕೆಲವು ಕಡೆ ಕಪ್ಪು ಚುಕ್ಕಿ. ಬರೀ ಸಿರಪ್ ಗಟ್ಟಿ ಇರ್ತೈತಿ, ಅದ್ರಾಗ ಕ್ರಿಮಿ ಅಷ್ಟು ಬೇಗ ಬೆಳೆಯಂಗಿಲ್ಲ, ಆದ್ರ ನಾಝಲ್ ಹತ್ರ ಅದು ನೀರು ಕೂಡಿ ತೆಳ್ಳಗಾಗಿ ಗಾಳಿಗೆ ಬೀಳ್ತೈತಲ್ಲ, ಈಸ್ಟು, ಬೂಷ್ಟು ಅಲ್ಲಿಂದಾನೇ ಶುರುವಾಗಿ ಪೈಪಿನ ಒಳಗ ಏರ್ತಾವ. ಆ ಲೋಳೆ ಗೋಡೆಗೆ ಅಂಟಿಕೊಂಡಿರ್ತೈತಿ, ಹಂಗಾಗಿ ಬಿಸಿನೀರು ಅದರ ಮ್ಯಾಲೆ ಹರಿದು ಹೋಗ್ತೈತಿ ಅಷ್ಟೇ, ಕೀಳಂಗಿಲ್ಲ.

ಅದನ್ನ ಕೀಳೋದು ಕ್ಷಾರ. ಬಿಯರ್ ಲೈನಿಗೆ ಅಮೆರಿಕದ ಬ್ರೂವರ್‌ಗಳ ಸಂಘ ಬರೆದಿಟ್ಟ ಪದ್ಧತಿ ಐತಿ, ನಾವೂ ಅದನ್ನೇ ಮಾಡ್ತಿದ್ವಿ: 14 ದಿನಕ್ಕೊಮ್ಮೆ ಶೇ 2ರ ಕಾಸ್ಟಿಕ್ ಸೋಡಾ (ಸೋಡಿಯಂ ಹೈಡ್ರಾಕ್ಸೈಡ್) ನೀರು, ಪಂಪಿನಿಂದ ತಿರುಗಿಸಿದ್ರ 15 ನಿಮಿಷ, ಬರೇ ನೆನೆಸಿದ್ರ 20 ನಿಮಿಷ, ಮೂರು ತಿಂಗಳಿಗೊಮ್ಮೆ ಪೈಪಿನಾಗ ಕಟ್ಟಿದ ಕಲ್ಲು ಬಿಡಿಸೋಕೆ ಆಸಿಡ್. ಊರಾಗ ಆ ಪಂಪು ಎಲ್ಲಿ ಸಿಗ್ತೈತ್ರಿ, ನಾನು ಮೊದಲು ಕೂಲರ್ ಪಂಪ್ ಹಾಕಿ ನೋಡಿದೆ, ಸಣ್ಣ ಪೈಪಿನಾಗ ದಾರದಷ್ಟು ನೀರು ಬಂತು, ಮ್ಯಾಲೆ ಕರೆಂಟು ಮತ್ತ ಕಾಸ್ಟಿಕ್ ಒಂದೇ ಬಕೆಟ್‌ನಾಗ ಇರೋದು ನನಗ ಸರಿ ಅನ್ನಿಸಲಿಲ್ಲ, ಬಿಟ್ಟೆ. ಆಮೇಲೆ ಹೊಳೆದದ್ದು ಹೊಲದ ಔಷಧಿ ಅಂಗಡ್ಯಾಗ ಸಿಗೋ 2 ಲೀಟರಿನ ಕೈ ಸ್ಪ್ರೇಯರ್, ಮ್ಯಾಲೆ ಒತ್ತಿ ಒತ್ತಿ ಗಾಳಿ ತುಂಬ್ತೀವಲ್ಲ ಅದು. ಮುಂದಿನ ಪಿಚಕಾರಿ ಬಿಚ್ಚಿ ಅಲ್ಲಿ ಒಂದು ತುಂಡು ಪೈಪ್ ಕೂಡಿಸಿ ಕ್ಲಿಪ್ ಬಿಗಿದ್ರ ಮುಗೀತು, ಇನ್ನೊಂದು ತುದಿ ಮಷೀನಿನ ಸಿರಪ್ ಪೈಪಿಗೆ.

ಇಲ್ಲಿ ಒಂದು ಮಾತು, ದಯವಿಟ್ಟು. ನಮ್ಮ ಕಡೆ ಭತ್ತದ ಗದ್ದಿ ಇದ್ದ ಮನ್ಯಾಗೆಲ್ಲ ಔಷಧಿ ಹೊಡಿಯೋ ಪಂಪ್ ಇದ್ದೇ ಇರ್ತೈತಿ, ತೊಳೆದು ತಂದ್ರಾತು ಅನ್ನಿಸ್ತೈತಿ. ಬ್ಯಾಡ್ರಿ. ನಮ್ಮ ಹುಡುಗ ಒಬ್ಬ ಹಂಗೇ ನಾಲ್ಕು ಸಲ ಸೋಪ್ ಹಾಕಿ ತೊಳೆದು ತಂದಿದ್ದ, ಮುಚ್ಚಳ ತಗದು ಮೂಗಿಗೆ ಹಿಡಿದ್ರ ಕೀಟನಾಶಕದ ವಾಸನೆ ಹಂಗೇ ಇತ್ತು, ರಬ್ಬರ್ ವಾಷರಿನಾಗ ಹೀರಿಕೊಂಡಿರ್ತೈತಿ ಅದು. ಆ ಸೋಡಾ ಕುಡಿಯೋದು ಶಾಲಿ ಬಿಟ್ಟು ಬರೋ ಮಕ್ಕಳು. ಹೊಸದೇ ತರ್ರಿ, ಮ್ಯಾಲೆ ಪೇಂಟ್‌ನಾಗ ಸೋಡಾ ಅಂತ ಬರೀರಿ, ಹೊಲದ ಕಡೆ ಹೋಗಬಾರದು.

ಈಗ ಕೆಲಸ. ಮಷೀನ್ ಪ್ಲಗ್ ಕಿತ್ತು, ಸಿಲಿಂಡರ್ ವಾಲ್ವ್ ಬಂದ್ ಮಾಡಿ, ಒಳಗಿನ ಪ್ರೆಷರ್ ಪೂರ್ತಿ ಬಿಡ್ರಿ. ಪೈಪಿನಾಗಿನ ಸಿರಪ್ ಹೋಗೋತನಕ ಬರೇ ನೀರು ತಳ್ಳಿ. ಆಮೇಲೆ ಪ್ಲಾಸ್ಟಿಕ್ ಮಗ್ಗಿನಾಗ 1 ಲೀಟರ್ ನೀರು ಹಾಕಿ ಅದ್ರೊಳಗ 20 ಗ್ರಾಂ ಕಾಸ್ಟಿಕ್ ಸ್ವಲ್ಪ ಸ್ವಲ್ಪ ಬಿಡ್ರಿ, ಕಾಸ್ಟಿಕ್ ಮ್ಯಾಲೆ ನೀರು ಹಾಕಬ್ಯಾಡ್ರಿ, ಸಿಡೀತೈತಿ. ಅಲ್ಯೂಮಿನಿಯಂ ಪಾತ್ರಿ ಅಂತೂ ಬ್ಯಾಡೇ ಬ್ಯಾಡ, ಅದನ್ನ ತಿಂದು ಹೈಡ್ರೋಜನ್ ಬಿಡ್ತೈತಿ. ಗ್ಲೌಸ್, ಕನ್ನಡಕ ಇರ್ಲೇಬೇಕು. ಮೈಮ್ಯಾಲೆ ಬಿದ್ರ ಬಾಳ ಹೊತ್ತು ನಲ್ಲಿ ಕೆಳಗ ಹಿಡೀರಿ, ಕಣ್ಣಿಗೆ ಬಿದ್ರ ನೀರು ಹಾಕ್ತಾನೇ ದವಾಖಾನಿಗೆ ಹೋಗ್ರಿ. ನೀರು ಕಾಯಿಸೋದೇನೂ ಬ್ಯಾಡ, ಏಪ್ರಿಲ್‌ನಾಗ ಮಾಳಿಗಿ ಟ್ಯಾಂಕಿನ ನೀರೇ ಸಾಕಷ್ಟು ಬೆಚ್ಚಗಿರ್ತೈತಿ.

ಒಳಗ 6 ಮಿಮೀ ಇರೋ ಪೈಪ್ 3 ಮೀಟರ್ ಇದ್ರ ಅದ್ರಾಗ ಹಿಡಿಯೋದು ಬರೇ 85 ಎಂಎಲ್, ಹಂಗಾಗಿ ಒಂದು ಲೀಟರ್ ಅಂದ್ರ ಒಂದು ಲೈನಿಗೆ ಧಾರಾಳ ಆತು. ಆ ಕಾಸ್ಟಿಕ್ ನೀರು ಸ್ಪ್ರೇಯರಿಗೆ ಹಾಕಿ ಪೈಪಿನಾಗ ತುಂಬಿಸಿ ಬಿಡ್ರಿ, ಐದೈದು ನಿಮಿಷಕ್ಕ ಒಂದೊಂದು ಸಲ ಒತ್ತಿ ಹೊಸ ಕಾಸ್ಟಿಕ್ ನೀರು ತಳ್ರಿ, ಒಟ್ಟು 20 ನಿಮಿಷ. ಮೊದಲನೇ ಸಲ ಹೊರಗ ಬರೋದು ಕಂದು ಬಣ್ಣದ್ದು, ಅದ್ರಾಗ ಸಣ್ಣ ಸಣ್ಣ ಚರ್ಮದಂಥ ಪದರು ತೇಲ್ತಿರ್ತಾವ, ಅವೇ ನಿಮ್ಮ ವಾಸನೆ.

ಸಿಲಿಂಡರ್ ಗ್ಯಾಸಿನಿಂದ ಕಾಸ್ಟಿಕ್ ತಳ್ಳೋಣ ಅಂತ ಮಾತ್ರ ಹೋಗಬ್ಯಾಡ್ರಿ. ಕಾರ್ಬನ್ ಡೈಆಕ್ಸೈಡನ್ನ ಕಾಸ್ಟಿಕ್ ಹೀರಿಕೊಂಡು ತಾನು ಬರೇ ವಾಷಿಂಗ್ ಸೋಡಾ ಆಗ್ತೈತಿ, ಶಕ್ತಿ ಹೋಗ್ತೈತಿ, ಮ್ಯಾಲೆ ಮುಚ್ಚಿದ ಡಬ್ಬಿ ಆದ್ರ ಒಳಗ ನಿರ್ವಾತ ಆಗಿ ಡಬ್ಬಿನೇ ಒಳಗ ಕುಸೀಬಹುದು.

ಆಮೇಲೆ ಕುಡಿಯೋ ನೀರಿನಿಂದ ತೊಳೀರಿ, ಸ್ಪ್ರೇಯರ್ ಕೂಡ. ಕಾಸ್ಟಿಕ್ ಪೂರ್ತಿ ಹೋಗೇತೋ ಇಲ್ಲೋ ಅನ್ನೋದಕ್ಕ ನಾನು ಮಾಡೋದು ಇದು: ಅರಿಶಿಣ ನೀರಾಗ ಕಲಸಿ ಬಿಳಿ ಹಾಳಿಗೆ ಹಚ್ಚಿ ಒಣಗಿಸಿ ಇಟ್ಕೊಂಡೀನಿ. ಆರತಿ ನೀರಿಗೆ ಅರಿಶಿಣದಾಗ ಸುಣ್ಣ ಹಾಕಿದ ಕೂಡ್ಲೇ ಕೆಂಪಾಗ್ತೈತಲ್ಲ, ಅದೇ ಲೆಕ್ಕ. ಹಾಳಿ ಮ್ಯಾಲೆ ಒಂದು ಹನಿ ಪೈಪಿನ ನೀರು, ಬಾಜೂಕ ಒಂದು ಹನಿ ನೀವು ತೊಳೆಯೋಕೆ ಬಳಸಿದ ನೀರು. ಪೈಪಿನ ಹನಿ ಕೆಂಪಾಯ್ತು ಅಂದ್ರ ಇನ್ನೂ ತೊಳೀಬೇಕು, ಎರಡೂ ಒಂದೇ ಬಣ್ಣ ಬರೋತನಕ ಬಿಡಬ್ಯಾಡ್ರಿ. ಎರಡನೇ ಹನಿ ಯಾಕಂದ್ರ ನಮ್ಮ ಬೋರಿನ ನೀರೇ ಸ್ವಲ್ಪ ಕ್ಷಾರ ಇರ್ತೈತಿ, ಒಂದೇ ಹನಿ ನೋಡಿದ್ರ ಮೋಸ ಹೋಗ್ತೀರಿ.

ಬೋರ್ ನೀರಾದ್ರ ಬಿಳಿ ಕಲ್ಲೂ ಕಟ್ಟಿರ್ತೈತಿ, ಅದು ಕಾಸ್ಟಿಕ್‌ಗೆ ಬಗ್ಗಂಗಿಲ್ಲ. ಇನ್ನೊಂದು ದಿನ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕಲಸಿದ ನೀರು ಹಿಂಗೇ ತುಂಬಿಸಿ ಬಿಡ್ರಿ. ಬ್ಲೀಚಿಂಗ್ ಮತ್ತ ನಿಂಬೆ ಉಪ್ಪು ಎಂದೂ ಕೂಡಿಸಬ್ಯಾಡ್ರಿ, ವಿಷದ ಗ್ಯಾಸ್ ಬರ್ತೈತಿ. ಗ್ಯಾಸ್ ಕೂಡಿದ ನೀರು ಹರಿಯೋ ಪೈಪಿಗೆ ಯಾರಾದ್ರೂ ತಾಮ್ರದ್ದೋ ಹಿತ್ತಾಳಿದ್ದೋ ಜಾಯಿಂಟ್ ಹಾಕಿದ್ರ ತಗೆಸಿಬಿಡ್ರಿ, ಆ ಹುಳಿ ನೀರು ತಾಮ್ರ ಕರಗಿಸ್ತೈತಿ, ಹೊಟ್ಟಿ ಕೆಡ್ತೈತಿ.

ಎಷ್ಟು ದಿನಕ್ಕೊಮ್ಮೆ ಅಂತ ಕೇಳಿದ್ರಿ. ಪಬ್‌ನಾಗಿನ 14 ದಿನ ಅನ್ನೋದು ತಣ್ಣಗಿರೋ ಲೈನಿಗೆ. ನಮ್ಮ ಬ್ಯಾಸಗ್ಯಾಗ, ಮಷೀನ್ ಹೊರಗ ಬಿಸಿಲಿಗೆ ನಿಂತಿರ್ತೈತಿ, ನಾನು ಮಾರ್ಚ್‌ನಿಂದ ಜೂನ್ ತನಕ ವಾರಕ್ಕೊಮ್ಮೆ, ಸೋಮವಾರ ಬೆಳಗ್ಗೆ ಅಂಗಡಿ ತಗಿಯೋಕ್ಕಿಂತ ಮೊದಲು ಮಾಡ್ತೀನಿ, ನಾಝಲ್ ಮಾತ್ರ ದಿನಾ ರಾತ್ರಿ ಬಿಚ್ಚಿ ತೊಳೆದು ಬಟ್ಟಿ ಮ್ಯಾಲೆ ಬೋರಲು ಹಾಕಿ ಮಲಗ್ತೀನಿ. ನೀವು ಮೊದಲು ನಿಂಬೆ ಲೈನೇ ಮಾಡ್ರಿ. ಎರಡು ಸಲ ತೊಳೆದ್ರೂ ಪೈಪ್ ಒಳಗ ಮಂಕಾಗೇ ಕಂಡ್ರ ಫುಡ್ ಗ್ರೇಡ್ ಪೈಪ್ ಹೊಸದು ಹಾಕಿಸ್ರಿ, ಹಳೇದನ್ನ ತಿಕ್ಕಿ ಪ್ರಯೋಜನ ಇಲ್ಲ.