ದಾವಣಗೆರೆ ಮನೆ ಬೆಲೆಗೆ ಬೆಂಗಳೂರಿನ ಸೂಚ್ಯಂಕ ಸಾಲದು

ಆತ್ಮೀಯರೇ,

ನೀವು ಕಳಿಸಿದ ‘ದಾವಣಗೆರೆಯಲ್ಲಿ ಮನೆ ಬೆಲೆ ಏರಿದ್ದೆಷ್ಟು?’ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ನಮ್ಮೂರಿಗೆ ತುಂಬಾ ಬೇಕಾದದ್ದು. ಸಾಲ ಮಾಡಿ ಮನೆ ಕೊಳ್ಳುವವರು ಇಲ್ಲಿ ಬ್ರೋಕರ್ ಹೇಳಿದ ರೇಟನ್ನೇ ನಂಬಬೇಕಾಗಿದೆ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ನೀವು ಆಧಾರ ಮಾಡಿಕೊಂಡದ್ದು ರಾಷ್ಟ್ರೀಯ ವಸತಿ ಬ್ಯಾಂಕಿನ ಮನೆ ಬೆಲೆ ಸೂಚ್ಯಂಕ ‘ರೆಸಿಡೆಕ್ಸ್’. ಮೂಲ ವರ್ಷವಾದ 2017-18ರ ಬೆಲೆಯನ್ನು 100 ಎಂದಿಟ್ಟುಕೊಂಡ ಆ ಸರಣಿಯಲ್ಲಿ 50 ನಗರಗಳಿವೆ. ಕರ್ನಾಟಕದಿಂದ ಬೆಂಗಳೂರು ಒಂದೇ. ರಿಸರ್ವ್ ಬ್ಯಾಂಕಿನ 2010-11ರ ಹಳೆಯ ಮನೆ ಬೆಲೆ ಸರಣಿಯ 10 ನಗರಗಳಲ್ಲೂ ಕರ್ನಾಟಕದಿಂದ ಬೆಂಗಳೂರು ಒಂದೇ ಇತ್ತು. ಬೆಂಗಳೂರಿನ ಅಂಕಿಯನ್ನು ನಮ್ಮೂರ ನಿಟ್ಟುವಳ್ಳಿಯ ಮನೆಗೆ ಹಚ್ಚಿದರೆ ಓದುಗರು ದಾರಿ ತಪ್ಪುತ್ತಾರೆ.

ಲೆಕ್ಕವೂ ಒಂದು ಕಡೆ ಜಾರಿದೆ. ಸೂಚ್ಯಂಕ 120ರಿಂದ 132ಕ್ಕೆ ಹೋದರೆ ಏರಿಕೆ ಶೇ 12 ಅಲ್ಲ, ಶೇ 10. ಇನ್ನೊಂದು ಮಾತು. ಒಂದು ನಗರದ ಸೂಚ್ಯಂಕ ಇನ್ನೊಂದಕ್ಕಿಂತ ಜಾಸ್ತಿ ಇದ್ದರೆ ಅಲ್ಲಿ ಮನೆ ದುಬಾರಿ ಅಂತಲ್ಲ. ಮೂಲ ವರ್ಷದಿಂದ ಅಲ್ಲಿ ಬೆಲೆ ಹೆಚ್ಚು ಏರಿದೆ, ಅಷ್ಟೇ.

ಮುಖ್ಯ ವಿಷಯಕ್ಕೆ ಬರುತ್ತೇನೆ. ಪಿ.ಜೆ. ಬಡಾವಣೆಯ ಹಳೇ ಮನೆಯೊಂದರ ಹಿಂದಿನ ಬೆಲೆಯನ್ನು ಶಾಮನೂರು ಕಡೆಯ ಹೊಸ ಮನೆಯ ಈಗಿನ ಬೆಲೆಯ ಪಕ್ಕ ಇಟ್ಟಿದ್ದೀರಿ. ಅಲ್ಲಿ ಬದಲಾದದ್ದು ಬೆಲೆಯೋ, ಮನೆಯೋ? ಒಳ್ಳೆಯ ಸೂಚ್ಯಂಕಗಳ ಕಷ್ಟವೆಲ್ಲ ಇಲ್ಲೇ. ಅಮೆರಿಕದ ಕೇಸ್-ಶಿಲ್ಲರ್ ಸೂಚ್ಯಂಕ ಒಂದೇ ಮನೆ ಮತ್ತೆ ಮಾರಾಟವಾದಾಗಿನ ಬೆಲೆಯನ್ನು ಹೋಲಿಸುತ್ತದೆ. ನೀವೂ ಚಿಕ್ಕದಾಗಿ ಇದನ್ನು ಮಾಡಬಹುದು. ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರದಲ್ಲಿ, ಅಂದರೆ ಇ.ಸಿ.ಯಲ್ಲಿ, ಆ ಆಸ್ತಿ ಯಾವಾಗ ಎಷ್ಟಕ್ಕೆ ಕೈ ಬದಲಾಯಿಸಿತು ಎಂದು ಇರುತ್ತದೆ. ಮನೆಯವರ ಒಪ್ಪಿಗೆ ಪಡೆದು ನೋಡಿ. ನಡುವೆ ಮೇಲೊಂದು ಮಹಡಿ ಕಟ್ಟಿಸಿದ್ದರೆ ಆ ಮನೆ ಬಿಟ್ಟುಬಿಡಿ. ಖಾಲಿ ಸೈಟನ್ನೂ ಮನೆಯ ಜೊತೆ ಸೇರಿಸಬೇಡಿ.

ಕ್ರಯಪತ್ರದಲ್ಲಿ ಬರೆದ ಬೆಲೆ ಕೊಟ್ಟ ಬೆಲೆಗಿಂತ ಎಷ್ಟೋ ಸಲ ಕಡಿಮೆ ಇರುತ್ತದೆ, ಅದು ಎಲ್ಲರಿಗೂ ಗೊತ್ತು. ಪ್ರತಿ ಸಲವೂ ಒಂದೇ ಪ್ರಮಾಣದಲ್ಲಿ ಕಡಿಮೆ ಬರೆದಿದ್ದರೆ ಏರಿಳಿತವಾದರೂ ತಿಳಿಯುತ್ತದೆ. ಆದರೆ 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಮಾರ್ಗಸೂಚಿ ಬೆಲೆ, ಅಂದರೆ ಆಸ್ತಿಗೆ ಸರ್ಕಾರ ನಿಗದಿ ಮಾಡುವ ಬೆಲೆ, ಪರಿಷ್ಕರಣೆಯಾಯಿತು. ಮುದ್ರಾಂಕ ಶುಲ್ಕಕ್ಕೆ ಅದೇ ಕನಿಷ್ಠ ಮಟ್ಟ. ಹಾಗಾಗಿ ಪತ್ರದ ಬೆಲೆಯೂ ಮೇಲೇರುತ್ತದೆ. ಅದನ್ನೇ ನೀವು ‘ಒಮ್ಮೆಲೇ ಜಿಗಿದ ಮಾರುಕಟ್ಟೆ’ ಎಂದು ಬರೆದಿದ್ದೀರಿ. ಆ ಸಾಲು ತೆಗೆಯಲೇಬೇಕು. ಆ ದಿನಾಂಕದ ಹಿಂದಿನ ಮತ್ತು ಮುಂದಿನ ಮಾರಾಟಗಳನ್ನು ಬೇರೆ ಬೇರೆ ತೋರಿಸಿ.

ಹತ್ತಿ ಗಿರಣಿಗಳ ಇತಿಹಾಸ ಇಲ್ಲಿಗೆ ಜಾಸ್ತಿಯಾಯಿತು. ನಿವೃತ್ತ ದಂಪತಿಯನ್ನು ಮಾತಾಡಿಸಿದ ಭಾಗ ಮಾತ್ರ ತುಂಬಾ ಚೆನ್ನಾಗಿದೆ. ಮನೆ ಮಾರಲು ಹೊರಟವರಿಗೆ ನ್ಯಾಯವಾದ ಬೆಲೆ ಯಾವುದೆಂದು ಹೇಳುವವರೇ ಇಲ್ಲ ಅನ್ನುವ ಅವರ ಕಷ್ಟದಿಂದಲೇ ಲೇಖನ ಶುರು ಮಾಡಿ. ಅವರ ಹೆಸರು, ಮನೆ ನಂಬರ್ ಬೇಡ. ಹೋಲಿಸಲು ಸಿಕ್ಕ ಮನೆಗಳು ಎಷ್ಟು ಎಂದು ಸ್ಪಷ್ಟವಾಗಿ ಬರೆಯಿರಿ. ಬೆರಳೆಣಿಕೆಯಷ್ಟೇ ಸಿಕ್ಕಿದ್ದರೆ ಇಡೀ ಊರಿನ ಶೇಕಡಾವಾರು ಏರಿಕೆ ಹೇಳಬೇಡಿ. ಒಂದೊಂದು ಮನೆಯ ಲೆಕ್ಕವನ್ನೇ ಕೊಡಿ, ಪ್ರಕಟಿಸುತ್ತೇವೆ.

ಇಂತಿ,
ಸಂಪಾದಕ